ನೋಡದ ಲೋಕಗಳ ಚಿತ್ರಕಾರ ಚೆಸ್ಲಿ ಬಾನೆಸ್ಟೆಲ್

ಈ ಸಾಲಿನ ಅಭ್ಯಾಸ ಬೋಧನೆಯ ಎರಡನೆಯ ವಾರ. ದಾವಣಗೆರೆಯ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸೌರವ್ಯೂಹದ ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದೆ. ಮಂಡಿಪೇಟೆಯಿಂದ ಡ್ರಾಯಿಂಗ್ ಶೀಟ್ ತಂದು, ಎರಡು ರಾತ್ರಿ ಕೂತು ಬಣ್ಣ ತುಂಬಿದ ಚಾರ್ಟು ಗೋಡೆಯ ಮೇಲಿತ್ತು. ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಬಳೆಗಳ ಸಮೇತ ಶನಿಗ್ರಹ. ಪಾಠ ಅರ್ಧ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತು, ಇದು ಎಲ್ಲಿ ನಿಂತು ನೋಡಿದ ಶನಿ ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಸ್ವಲ್ಪ ತಡವರಿಸಿ, ದೂರದರ್ಶಕದಲ್ಲಿ ನೋಡಿದ್ದು ಎಂದು ಹೇಳಿ ಪಾಠಯೋಜನೆಯ ಮುಂದಿನ ಹಂತಕ್ಕೆ ಹೋದರು.

ಗಂಟೆ ಹೊಡೆದ ಮೇಲೆ ನಡೆದ ಚರ್ಚೆಯಲ್ಲಿ ಧ್ವನಿ, ಕಪ್ಪುಹಲಗೆಯ ಬಳಕೆ, ಪ್ರಶ್ನೆಗಳ ಹಂಚಿಕೆ ಎಲ್ಲದರ ಬಗ್ಗೆ ಮಾತಾಡಿದೆವು. ಆ ಹುಡುಗಿಯ ಪ್ರಶ್ನೆಯ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ, ನಾನೂ ಸಹ. ಮನೆಗೆ ಬಂದ ಮೇಲೆ ಅದು ಕಾಡತೊಡಗಿತು. ಗ್ರಹಗಳ ಚಿತ್ರ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು. ಅದೊಂದೇ ಪ್ರಶ್ನೆಯನ್ನು ಹಿಡಿದು ಎಪ್ಪತ್ತು ವರ್ಷಕ್ಕೂ ಮಿಕ್ಕಿ ಕುಂಚ ಆಡಿಸಿದ ಒಬ್ಬ ಮನುಷ್ಯನಿದ್ದ. ವಿಜ್ಞಾನ ಕಲಿಸಲು ಹೊರಟವರು ಅವರ ಬದುಕನ್ನು ತಿಳಿದಿರಬೇಕು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಚೆಸ್ಲಿ ಬಾನೆಸ್ಟೆಲ್. ಹೆಸರಿನಲ್ಲೇ ಬಾನು ಇದೆಯಲ್ಲ ಎಂದು ನಮ್ಮ ಕನ್ನಡ ವಿಧಾನದ ಸಹೋದ್ಯೋಗಿ ನಕ್ಕರು. ಅದು ಬರಿಯ ಕಾಕತಾಳೀಯ. ಆದರೆ ಮಕ್ಕಳಿಗೆ ಹೆಸರು ನೆನಪಿನಲ್ಲಿ ಉಳಿಯಲು ಅಷ್ಟು ಸಾಕು.

ಬಾನೆಸ್ಟೆಲ್ ಹುಟ್ಟಿದ್ದು 1888ರ ಜನವರಿ 1ರಂದು, ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ಎಳೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಬೆಳೆದದ್ದು ಅಜ್ಜ ಅಜ್ಜಿಯರ ಆಶ್ರಯದಲ್ಲಿ. ಮನೆತನದ ಕಸುಬು ಕಾಗದದ ವ್ಯಾಪಾರ, ಮೊಮ್ಮಗನೂ ಅದನ್ನೇ ಮುಂದುವರಿಸಲಿ ಎಂಬುದು ಹಿರಿಯರ ಆಸೆ. ಹುಡುಗನಿಗೆ ಕಾಗದ ಬೇಕಾಗಿತ್ತು ನಿಜ, ಅದು ಮಾರುವುದಕ್ಕಲ್ಲ, ಬರೆಯುವುದಕ್ಕೆ. ಚಿತ್ರಕಲೆಯ ಜೊತೆಗೆ ಖಗೋಳದ ಹುಚ್ಚೂ ಹತ್ತಿತ್ತು.

1905ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಆತ ಗೆಳೆಯನೊಬ್ಬನ ಜೊತೆ ಹ್ಯಾಮಿಲ್ಟನ್ ಬೆಟ್ಟ ಹತ್ತಿದ. ಆ ಬೆಟ್ಟದ ನೆತ್ತಿಯಲ್ಲಿ ಲಿಕ್ ವೀಕ್ಷಣಾಲಯವಿದೆ. ಅಲ್ಲಿನ 36 ಅಂಗುಲದ ದೊಡ್ಡ ದೂರದರ್ಶಕದಲ್ಲಿ ಚಂದ್ರನನ್ನು ನೋಡಿದ. ಆಮೇಲೆ 12 ಅಂಗುಲದ ಚಿಕ್ಕ ದೂರದರ್ಶಕದಲ್ಲಿ ಶನಿಯನ್ನು ನೋಡಿದ. ಮನಸ್ಸಿನಲ್ಲಿ ನಿಂತದ್ದು ಚಿಕ್ಕದರಲ್ಲಿ ಕಂಡ ಶನಿಯೇ. ಮನೆಗೆ ಬಂದವನೇ ಶನಿಯ ಚಿತ್ರ ಬರೆದ. ಗ್ರಹಗಳ ಚಿತ್ರಕಾರನಾಗಿ ಅವರ ಬದುಕು ಆರಂಭವಾದದ್ದು ಅಂದು. ಮೊದಲ ಚಿತ್ರ ಮಾತ್ರ ಹೆಚ್ಚು ದಿನ ಬಾಳಲಿಲ್ಲ. 1906ರ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರೀ ಭೂಕಂಪವಾಯಿತು. ಅದರ ಬೆನ್ನಿಗೆ ಎದ್ದ ಬೆಂಕಿ ದಿನಗಟ್ಟಲೆ ಊರನ್ನು ಸುಟ್ಟಿತು. ಹುಡುಗ ಬರೆದಿದ್ದ ಚಿತ್ರಗಳೂ ಆ ಬೆಂಕಿಗೆ ಹೋದವು, ಶನಿಯೂ ಹೋಯಿತು.

ಮುಂದೆ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಲು ಸೇರಿದರು. ಮೂರನೆಯ ವರ್ಷದಲ್ಲಿ ಓದು ಬಿಟ್ಟರು. ಪದವಿ ಇಲ್ಲದಿದ್ದರೂ ಕೈಯಲ್ಲಿ ವಿದ್ಯೆ ಇತ್ತು. ಕಟ್ಟಡದ ನಕಾಶೆಯನ್ನು ಓದಿ, ಅದು ಕಟ್ಟಿ ಮುಗಿದಾಗ ಹೇಗೆ ಕಾಣುತ್ತದೆ ಎಂದು ಬಣ್ಣದಲ್ಲಿ ತೋರಿಸುವ ವಿದ್ಯೆ. ಮನೆ ಕಟ್ಟಿಸುವವರಿಗೆ ಇಂದು ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರವನ್ನು ಅಂದು ಕೈಯಲ್ಲೇ ಬರೆಯಬೇಕಿತ್ತು. ಊರಿಗೆ ಮರಳಿದ ಬಾನೆಸ್ಟೆಲ್ ವಿಲಿಸ್ ಪೋಕ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸ ಮಾಡಿದರು. ಸುಟ್ಟುಹೋದ ನಗರ ಮತ್ತೆ ಏಳುತ್ತಿದ್ದ ಕಾಲವದು. 1920ರ ದಶಕದಲ್ಲಿ ಕೆಲಕಾಲ ಇಂಗ್ಲೆಂಡಿನಲ್ಲಿದ್ದರು. ನ್ಯೂಯಾರ್ಕಿಗೆ ಹಿಂದಿರುಗಿದ ಮೇಲೆ 1930ರಲ್ಲಿ ಪೂರ್ಣಗೊಂಡ ಕ್ರೈಸ್ಲರ್ ಕಟ್ಟಡದ ಹೊರಮೈ ವಿನ್ಯಾಸದಲ್ಲಿ ಅವರ ಕೈವಾಡವಿತ್ತು.

ಆ ವರ್ಷಗಳ ಕೆಲಸಗಳಲ್ಲಿ ನಮಗೆ ಮುಖ್ಯವಾದದ್ದು ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ. ಅದು ಸಂಚಾರಕ್ಕೆ ತೆರೆದದ್ದು 1937ರಲ್ಲಿ. ಅದಕ್ಕೂ ಮೊದಲು, ಕಡಲ ಮೇಲೆ ಅಷ್ಟು ಉದ್ದದ ತೂಗುಸೇತುವೆ ನಿಲ್ಲುತ್ತದೆ ಎಂದರೆ ನಂಬದವರು ಬಹಳ ಮಂದಿ ಇದ್ದರು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಅವರಿಗಾಗಿ ಬಾನೆಸ್ಟೆಲ್ ಆ ಸೇತುವೆ ಹಂತಹಂತವಾಗಿ ಏಳುವುದನ್ನು ಚಿತ್ರಗಳಲ್ಲಿ ತೋರಿಸಿದರು. ಇನ್ನೂ ಇಲ್ಲದ ವಸ್ತುವನ್ನು, ಎಂಜಿನಿಯರಿನ ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ, ಸಾಮಾನ್ಯ ನಾಗರಿಕನ ಕಣ್ಣಿಗೆ ಕಾಣಿಸುವುದು ಅವರ ಕೆಲಸ. ಹತ್ತು ಹದಿನೈದು ವರ್ಷಗಳ ನಂತರ ಅವರು ಗ್ರಹಗಳ ವಿಷಯದಲ್ಲಿ ಮಾಡಿದ್ದೂ ಇದನ್ನೇ.

1938ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅವರು ಕಸುಬು ಬದಲಿಸಿದರು. ಐವತ್ತಕ್ಕೆ ಹೊಸ ಕೆಲಸ ಕಲಿಯುವುದೇ ಎಂದು ನಾವು ಮೂಗು ಮುರಿಯುವ ವಯಸ್ಸು. ಅವರು ಹಾಲಿವುಡ್ಡಿಗೆ ಹೋಗಿ ಸಿನಿಮಾಕ್ಕೆ ಹಿನ್ನೆಲೆ ಚಿತ್ರ ಬರೆಯತೊಡಗಿದರು. ಒಂದು ದೊಡ್ಡ ಅರಮನೆಯನ್ನೋ ಹಳೆಯ ನಗರವನ್ನೋ ತೋರಿಸಬೇಕಾದಾಗ ಅದನ್ನು ಕಟ್ಟಿಸುವ ಬದಲು ಗಾಜಿನ ಮೇಲೋ ಹಲಗೆಯ ಮೇಲೋ ಬಣ್ಣದಲ್ಲಿ ಬರೆಯುತ್ತಿದ್ದರು. ನಟರು ಓಡಾಡುವ ಜಾಗವನ್ನು ಮಾತ್ರ ಖಾಲಿ ಬಿಟ್ಟು, ಆಮೇಲೆ ಎರಡನ್ನೂ ಒಂದೇ ಫಿಲ್ಮಿನಲ್ಲಿ ಕೂಡಿಸುತ್ತಿದ್ದರು. ಬರೆದದ್ದು ಯಾವುದು, ನಿಜವಾದದ್ದು ಯಾವುದು ಎಂದು ನೋಡುವವರಿಗೆ ಗೊತ್ತಾಗಬಾರದು. 1939ರ ‘ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’, 1941ರ ‘ಸಿಟಿಜನ್ ಕೇನ್’ ಚಿತ್ರಗಳಿಗೆ ಅವರು ಇಂಥ ಕೆಲಸ ಮಾಡಿದರು. ನಮ್ಮೂರಿನ ಟಾಕೀಸುಗಳ ಮುಂದೆ ಕೈಯಿಂದ ಬರೆದ ಬ್ಯಾನರುಗಳನ್ನು ಕಂಡ ಹಿರಿಯರಿಗೆ ಸಿನಿಮಾ ಬಣ್ಣದವರ ಕೈಚಳಕ ಎಂಥದೆಂದು ಹೇಳಬೇಕಿಲ್ಲ.

ಹಾಲಿವುಡ್ಡಿನಲ್ಲಿ ಅವರು ಕಲಿತ ದೊಡ್ಡ ಪಾಠ ಕ್ಯಾಮೆರಾದ ಕೋನ. ಕ್ಯಾಮೆರಾ ಎಲ್ಲಿದೆ, ಎಷ್ಟು ಅಗಲದ ನೋಟವನ್ನು ಹಿಡಿಯುತ್ತದೆ ಎಂಬುದು ಗೊತ್ತಾದರೆ ದೂರದ ವಸ್ತು ಪರದೆಯ ಮೇಲೆ ಎಷ್ಟು ದೊಡ್ಡದಾಗಿ ಕಾಣಬೇಕು ಎಂದು ಲೆಕ್ಕ ಹಾಕಬಹುದು. ಈ ಲೆಕ್ಕವನ್ನು ಅವರು ಹದಿನೇಳರ ವಯಸ್ಸಿನಲ್ಲಿ ಕಂಡ ಶನಿಗೆ ಅನ್ವಯಿಸಿದರು. ಶನಿಗೆ ಹಲವು ಉಪಗ್ರಹಗಳಿವೆ. ಅವುಗಳ ದೂರ ಖಗೋಳಜ್ಞರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಒಂದೊಂದು ಉಪಗ್ರಹದ ನೆಲದ ಮೇಲೂ ಕ್ಯಾಮೆರಾ ಇಟ್ಟರೆ ಶನಿ ಹೇಗೆ ಕಾಣುತ್ತದೆ?

ಇಲ್ಲಿ ಸ್ವಲ್ಪ ನಿಂತು ಆ ಲೆಕ್ಕವನ್ನು ನೋಡೋಣ, ಏಕೆಂದರೆ ಇದನ್ನು ಪ್ರೌಢಶಾಲೆಯ ಮಕ್ಕಳೂ ಮಾಡಬಹುದು. ನಮ್ಮ ಚಂದ್ರನ ವ್ಯಾಸ 3,474 ಕಿಲೋಮೀಟರ್, ದೂರ ಸುಮಾರು 3,84,400 ಕಿಲೋಮೀಟರ್. ಭಾಗಿಸಿದರೆ 0.009 ಬರುತ್ತದೆ. ಅಂದರೆ ಒಂದು ಮೀಟರ್ ದೂರದಲ್ಲಿ ಹಿಡಿದ 9 ಮಿಲಿಮೀಟರ್ ಅಗಲದ ವಸ್ತು, ಹೆಚ್ಚುಕಡಿಮೆ ಒಂದು ಅಂಗಿಯ ಗುಂಡಿ. ಹುಣ್ಣಿಮೆಯ ಚಂದ್ರ ಅಷ್ಟೇ. ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ, ರಾತ್ರಿ ಹೋಗಿ ಹಿಡಿದು ನೋಡಿಕೊಂಡು ಬರುತ್ತಾರೆ. ಈಗ ಶನಿ. ಅದರ ವ್ಯಾಸ ಸುಮಾರು 1,20,500 ಕಿಲೋಮೀಟರ್. ಅದರ ದೊಡ್ಡ ಉಪಗ್ರಹ ಟೈಟನ್ ಇರುವುದು ಸುಮಾರು 12,22,000 ಕಿಲೋಮೀಟರ್ ದೂರದಲ್ಲಿ. ಭಾಗಿಸಿದರೆ 0.1ಕ್ಕೆ ತುಸು ಕಡಿಮೆ. ಒಂದು ಮೀಟರ್ ದೂರದಲ್ಲಿ ಹಿಡಿದ ಹತ್ತು ಸೆಂಟಿಮೀಟರಿನ ಪೂರಿ! ನಮ್ಮ ಚಂದ್ರನಿಗಿಂತ ಹನ್ನೊಂದು ಪಟ್ಟು ಅಗಲ. ಮೈಮಾಸ್ ಎಂಬ ಸಣ್ಣ ಉಪಗ್ರಹ ಇನ್ನೂ ಬಹಳ ಹತ್ತಿರ, ಸುಮಾರು 1,85,500 ಕಿಲೋಮೀಟರ್. ಅಲ್ಲಿಂದ ನೋಡಿದರೆ ಶನಿ ಒಂದು ಮೀಟರ್ ದೂರದಲ್ಲಿಟ್ಟ ಬೆಣ್ಣೆದೋಸೆ ಹೋಟೆಲಿನ ಕಾವಲಿಯ ಹಾಗೆ, ಹೆಚ್ಚುಕಡಿಮೆ ಎಪ್ಪತ್ತು ಸೆಂಟಿಮೀಟರ್ ಅಗಲಕ್ಕೆ ಆಕಾಶ ತುಂಬಿ ನಿಲ್ಲುತ್ತದೆ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಟೈಟನ್ ಸುತ್ತುವುದು ಹೆಚ್ಚುಕಡಿಮೆ ಬಳೆಗಳ ಸಮತಲದಲ್ಲೇ. ಆದ್ದರಿಂದ ಅಲ್ಲಿಂದ ಬಳೆಗಳು ಅಗಲವಾಗಿ ಕಾಣುವುದಿಲ್ಲ, ಶನಿಯ ನಡುವೆ ಹಾದುಹೋದ ಒಂದು ತೆಳುಗೆರೆಯಾಗಿ ಕಾಣುತ್ತವೆ. ಅಂಚಿನಿಂದ ನೋಡಿದ ತಟ್ಟೆಯ ಹಾಗೆ. ಶನಿಯ ಚೆಲುವೆಲ್ಲ ಬಳೆಯಲ್ಲೇ ಇದೆ ಎಂದು ತಿಳಿದ ಚಿತ್ರಕಾರ ಇಲ್ಲಿ ಲೆಕ್ಕವನ್ನು ಬದಿಗಿಟ್ಟು ಬಳೆಯನ್ನು ಅಗಲಿಸಿಬಿಡುತ್ತಿದ್ದ. ಬಾನೆಸ್ಟೆಲ್ ಹಾಗೆ ಮಾಡಲಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಯ ಚಾರ್ಟಿನ ಶನಿ ಟೈಟನ್ ಮೇಲೆ ನಿಂತು ನೋಡಿದ್ದಾಗಿರಲು ಸಾಧ್ಯವಿಲ್ಲ ಎಂಬ ಉತ್ತರವನ್ನು ಆ ಹುಡುಗಿಗೆ ಅಂದೇ ಕೊಡಬಹುದಾಗಿತ್ತು.

ಈ ಚಿತ್ರಗಳ ಸರಣಿ 1944ರ ಮೇ 29ರ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಯುದ್ಧದ ಫೋಟೋಗಳನ್ನು ನೋಡಿ ಸಾಕಾಗಿದ್ದ ಓದುಗರು ಪುಟ ತಿರುಗಿಸಿದರೆ, ಎದುರಿಗೆ ಟೈಟನ್ನಿನ ಹಿಮಗಟ್ಟಿದ ಬಂಡೆಗಳ ನಡುವೆ ನೀಲಿ ಆಕಾಶದಲ್ಲಿ ತೇಲುವ ಶನಿ. ಅದು ಚಿತ್ರದಂತೆ ಇರಲಿಲ್ಲ. ಯಾರೋ ಅಲ್ಲಿಗೆ ಹೋಗಿ ತೆಗೆದುಕೊಂಡು ಬಂದ ಫೋಟೋದಂತೆ ಇತ್ತು. ಅದೇ ವರ್ಷ ಖಗೋಳಜ್ಞ ಜೆರಾರ್ಡ್ ಕೈಪರ್ ಟೈಟನ್ ಮೇಲೆ ಮೀಥೇನ್ ಇರುವ ವಾತಾವರಣವಿದೆ ಎಂದು ಬೆಳಕಿನ ವಿಶ್ಲೇಷಣೆಯಿಂದ ತೋರಿಸಿದ್ದರು. ಗಾಳಿ ಇದ್ದರೆ ಆಕಾಶಕ್ಕೆ ಬಣ್ಣ ಬರಬೇಕು ಎಂಬುದು ಚಿತ್ರದ ಹಿಂದಿನ ತರ್ಕ.

ಆ ಫೋಟೋದಂಥ ಗುಣ ಬಂದದ್ದು ಹೇಗೆಂಬುದು ಬೋಧನೋಪಕರಣ ತಯಾರಿಸುವ ನಮಗೆ ಆಸಕ್ತಿಯ ವಿಷಯ. ಬಾನೆಸ್ಟೆಲ್ ಎಷ್ಟೋ ಸಲ ಮೊದಲು ಜೇಡಿಮಣ್ಣಿನಂಥ ವಸ್ತುವಿನಲ್ಲಿ ಬೆಟ್ಟಗುಡ್ಡಗಳ ಚಿಕ್ಕ ಮಾದರಿ ಮಾಡುತ್ತಿದ್ದರು. ಅದಕ್ಕೆ ಒಂದೇ ಕಡೆಯಿಂದ ದೀಪ ಹಾಯಿಸಿ ಫೋಟೋ ತೆಗೆದು, ಆ ಫೋಟೋವನ್ನು ಹಿಗ್ಗಿಸಿ, ಅದರ ಮೇಲೆ ತೈಲವರ್ಣದಲ್ಲಿ ಕೆಲಸ ಮಾಡುತ್ತಿದ್ದರು. ನೆರಳು ಎಲ್ಲಿ ಬೀಳುತ್ತದೆ ಎಂದು ಊಹಿಸುವ ಬದಲು ಬೀಳಿಸಿ ನೋಡುತ್ತಿದ್ದರು.

1949ರಲ್ಲಿ ಜರ್ಮನಿಯಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ವಿಜ್ಞಾನ ಲೇಖಕ ವಿಲ್ಲಿ ಲೇ ಅವರ ಬರಹಕ್ಕೆ ಬಾನೆಸ್ಟೆಲ್ ಚಿತ್ರಗಳೊಡನೆ ‘ದಿ ಕಾಂಕ್ವೆಸ್ಟ್ ಆಫ್ ಸ್ಪೇಸ್’ ಪುಸ್ತಕ ಬಂತು. ಮರುವರ್ಷ ‘ಡೆಸ್ಟಿನೇಷನ್ ಮೂನ್’ ಸಿನಿಮಾ. ಈ ಸಿನಿಮಾದ ಒಂದು ಪ್ರಸಂಗ ನನಗೆ ತುಂಬ ಇಷ್ಟ. ರಾಕೆಟ್ ಇಳಿಯುವ ಜಾಗಕ್ಕಾಗಿ ಬಾನೆಸ್ಟೆಲ್ ಚಂದ್ರನ ನಕ್ಷೆ ಹುಡುಕಿ ಉತ್ತರದ ಕಡೆಯ ಹಾರ್ಪಲಸ್ ಎಂಬ ಕುಳಿಯನ್ನು ಆರಿಸಿದರು. ಅಲ್ಲಿ ನಿಂತರೆ ಭೂಮಿ ನೆತ್ತಿಯ ಮೇಲಿರದೆ ದಿಗಂತಕ್ಕೆ ಹತ್ತಿರ ಕಾಣುತ್ತದೆ, ಹಾಗಾಗಿ ಕ್ಯಾಮೆರಾದ ಚೌಕಟ್ಟಿನೊಳಗೆ ಬರುತ್ತದೆ. ಇಷ್ಟು ಕರಾರುವಾಕ್ಕಾಗಿ ಯೋಚಿಸಿದ ಮೇಲೆ ಸ್ಟುಡಿಯೋದ ಕಲಾ ನಿರ್ದೇಶಕರು ಚಂದ್ರನ ನೆಲದ ತುಂಬ ಬಿರುಕುಗಳನ್ನು ಬಿಡಿಸಿಬಿಟ್ಟರು. ಸ್ಟುಡಿಯೋದ ಚಿಕ್ಕ ನೆಲ ವಿಶಾಲವಾಗಿ ಕಾಣಲಿ ಎಂಬ ಉಪಾಯ ಅದು. ಬಾನೆಸ್ಟೆಲ್ ಅವರಿಗೆ ಇದು ಸರಿಬರಲಿಲ್ಲ. ನಮ್ಮ ಕಡೆಯ ಎರೆಹೊಲಗಳು ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ಕಂಡ ಯಾವ ಮಗುವೂ ಕಾರಣ ಹೇಳಬಲ್ಲದು: ನೀರು ಕುಡಿದು ಒಣಗಿದ ಮಣ್ಣು ಮಾತ್ರ ಹಾಗೆ ಬಿರಿಯುತ್ತದೆ. ಚಂದ್ರನ ಮೇಲೆ ಕೆಸರು ಎಲ್ಲಿಂದ ಬರಬೇಕು?

1952ರ ಮಾರ್ಚ್ 22ರಿಂದ 1954ರ ಏಪ್ರಿಲ್ 30ರವರೆಗೆ ‘ಕಾಲಿಯರ್ಸ್’ ವಾರಪತ್ರಿಕೆಯ ಎಂಟು ಸಂಚಿಕೆಗಳಲ್ಲಿ ಅಂತರಿಕ್ಷಯಾನದ ಬಗ್ಗೆ ದೊಡ್ಡ ಲೇಖನಮಾಲೆ ಬಂತು. ಯೋಜನೆಗಳು ಬಹುಪಾಲು ರಾಕೆಟ್ ಎಂಜಿನಿಯರ್ ವೆರ್ನರ್ ಫಾನ್ ಬ್ರೌನ್ ಅವರವು. ಚಿತ್ರಗಳು ಬಾನೆಸ್ಟೆಲ್ ಮತ್ತು ಇನ್ನಿಬ್ಬರು ಕಲಾವಿದರವು. ಭೂಮಿಯಿಂದ ಸುಮಾರು 1,730 ಕಿಲೋಮೀಟರ್ ಎತ್ತರದಲ್ಲಿ ಗಾಲಿಯಂತೆ ತಿರುಗುವ, 250 ಅಡಿ ಅಗಲದ ನಿಲ್ದಾಣ. ಅಲ್ಲಿಂದ ಚಂದ್ರನಿಗೆ ಮೂರು ನೌಕೆ, ಐವತ್ತು ಜನ. ಫಾನ್ ಬ್ರೌನ್ ಕಳಿಸಿದ ರೇಖಾಚಿತ್ರಗಳನ್ನು ಬಾನೆಸ್ಟೆಲ್ ಹಾಗೆಹಾಗೇ ಬಣ್ಣಕ್ಕೆ ಇಳಿಸುತ್ತಿರಲಿಲ್ಲ. ಹೊಂದದ ಭಾಗಗಳನ್ನು ಗುರುತುಹಾಕಿ, ಪ್ರಶ್ನೆ ಕೇಳಿ ವಾಪಸು ಕಳಿಸುತ್ತಿದ್ದರು. ನಿಜವಾಗಿ ನಡೆದದ್ದು ಬೇರೆ ರೀತಿ. 1969ರಲ್ಲಿ ಚಂದ್ರನ ಬಳಿಗೆ ಹೋದವರು ಮೂವರು, ಇಳಿದವರು ಇಬ್ಬರು. ಆದರೆ ಅಂತರಿಕ್ಷಯಾನವೆಂಬುದು ಕಥೆಯಲ್ಲ, ಎಂಜಿನಿಯರಿಂಗ್ ಕೆಲಸ ಎಂದು ಅಮೆರಿಕದ ಸಾಮಾನ್ಯ ಜನ ನಂಬತೊಡಗಿದ್ದರಲ್ಲಿ ಆ ಪುಟಗಳ ಪಾಲು ದೊಡ್ಡದು.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಫಾನ್ ಬ್ರೌನ್ ಯುದ್ಧಕಾಲದಲ್ಲಿ ಹಿಟ್ಲರನ ಜರ್ಮನಿಗೆ ವಿ–2 ರಾಕೆಟ್ ಕಟ್ಟಿಕೊಟ್ಟವರು. ಅದರ ತಯಾರಿಕೆಗೆ ದುಡಿಸಿಕೊಂಡ ಸಾವಿರಾರು ಕೈದಿಗಳು ಪ್ರಾಣ ಬಿಟ್ಟರು. ಕಾಲಿಯರ್ಸ್ ಚಿತ್ರಗಳ ಸ್ವಚ್ಛವಾದ ಬೆಳಕಿನಲ್ಲಿ ಅದರ ನೆರಳು ಎಲ್ಲೂ ಕಾಣುವುದಿಲ್ಲ. ಚಿತ್ರಗಳನ್ನು ಮೆಚ್ಚುವಾಗ ಇದೂ ನೆನಪಿರಬೇಕು.

ಮನೆಯ ಬದುಕು ಅಷ್ಟು ಸರಳವಾಗಿರಲಿಲ್ಲ. ಮೊದಲ ಹೆಂಡತಿ ಮೇರಿ ಹಿಲ್ಟನ್ ಅವರಿಂದ ವಿಚ್ಛೇದನವಾಯಿತು. ಆಮೇಲೆ ಮದುವೆಯಾದ ಇಂಗ್ಲೆಂಡಿನ ಗಾಯಕಿ ರೂಬಿ ಹೆಲ್ಡರ್ 1938ರಲ್ಲಿ ತೀರಿಕೊಂಡರು. ಆ ಬಳಿಕ ಮೇರಿಯವರನ್ನೇ ಮತ್ತೆ ಮದುವೆಯಾದರು. 1961ರಲ್ಲಿ ಅವರೂ ಹೋದರು. ಮರುವರ್ಷ ಹುಲ್ಡಾ ಎಂಬವರನ್ನು ವರಿಸಿದರು.

ಈಗ ಚಂದ್ರನ ಬೆಟ್ಟಗಳ ವಿಷಯ. ಬಾನೆಸ್ಟೆಲ್ ಬರೆದ ಚಂದ್ರ ಎಂದರೆ ಕಡಿದಾದ ಕೋಡುಗಲ್ಲುಗಳ, ಭರ್ಜಿಯಂತೆ ಚೂಪಾದ ಶಿಖರಗಳ ಲೋಕ. ಕಾರಣ ಇಲ್ಲದೆ ಹಾಗೆ ಬರೆದದ್ದಲ್ಲ. ಭೂಮಿಯ ಬೆಟ್ಟಗಳನ್ನು ಸವೆಸಿ ದುಂಡಾಗಿಸುವುದು ಗಾಳಿ ಮತ್ತು ನೀರು. ಚಂದ್ರನಲ್ಲಿ ಎರಡೂ ಇಲ್ಲ, ಆದ್ದರಿಂದ ಅಲ್ಲಿನ ಶಿಖರಗಳು ಹುಟ್ಟಿದಾಗ ಇದ್ದಂತೆಯೇ ಚೂಪಾಗಿ ಉಳಿದಿರಬೇಕು ಎಂಬುದು ಆ ಕಾಲದ ಅನೇಕರ ಅಭಿಪ್ರಾಯ. ದೂರದರ್ಶಕವೂ ಅದಕ್ಕೆ ಸಾಕ್ಷಿ ಹೇಳುವಂತಿತ್ತು. ಚಂದ್ರನ ಮೇಲೆ ಬೆಳಕು ಮತ್ತು ಕತ್ತಲೆ ಸೇರುವ ಗಡಿಯಲ್ಲಿ ಬೆಟ್ಟಗಳ ನೆರಳು ಈಟಿಯಂತೆ ಉದ್ದವಾಗಿ ಬೀಳುತ್ತದೆ. ಚೂಪು ನೆರಳು ಕಂಡವರು ಚೂಪು ಬೆಟ್ಟ ಎಂದುಕೊಂಡರು.

ಈ ಮೋಸವನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಹರಿಹರದ ಶಾಲೆಯೊಂದರಲ್ಲಿ ನಮ್ಮವರು ಮಾಡಿ ನೋಡಿದರು. ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಮೇಜಿನ ಮೇಲೆ ರಂಗೋಲಿ ಪುಡಿಯ ಚಿಕ್ಕ ಗುಪ್ಪೆ ಹಾಕಿ, ನೆತ್ತಿಯನ್ನು ಬೆರಳಿನಿಂದ ತಟ್ಟಿ ದುಂಡಗೆ ಮಾಡಿದರು. ಟಾರ್ಚನ್ನು ಮೇಲಿನಿಂದ ಹಿಡಿದರೆ ನೆರಳೇ ಇಲ್ಲ. ಮೇಜಿನ ಮಟ್ಟಕ್ಕೆ ಇಳಿಸುತ್ತ ಬಂದಂತೆ ನೆರಳು ಉದ್ದವಾಗುತ್ತ ಹೋಗಿ, ಅರ್ಧ ನಿಂಬೆಹಣ್ಣಿನಂಥ ಗುಪ್ಪೆಯ ಹಿಂದೆ ಗೇಣುದ್ದದ ಮೊನೆಯಾಯಿತು. ಗುಪ್ಪೆಯನ್ನು ರಟ್ಟಿನಿಂದ ಮರೆಮಾಡಿ ನೆರಳನ್ನಷ್ಟೇ ತೋರಿಸಿ, ಹಿಂದೆ ಏನಿದೆ ಎಂದು ಕೇಳಿದರೆ ಮಕ್ಕಳೆಲ್ಲ ಬರೆದದ್ದು ಚೂಪು ಗುಡ್ಡವನ್ನೇ.

ಹಾಗಾದರೆ ಬೇರೆ ರೀತಿ ನೋಡಿದವರು ಯಾರೂ ಇರಲಿಲ್ಲವೇ? ಇದ್ದರು. ಫ್ರಾನ್ಸಿನ ಲೂಸಿಯೆಂ ರೂಡೊ, 1874ರಲ್ಲಿ ಹುಟ್ಟಿ 1947ರಲ್ಲಿ ತೀರಿಕೊಂಡವರು. ಅವರೂ ಚಿತ್ರಕಾರರೇ, ಜೊತೆಗೆ ನಾರ್ಮಂಡಿಯ ಕಡಲ ದಂಡೆಯ ಡೊನ್‌ವಿಲ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಕೊಂಡು ರಾತ್ರಿಗಟ್ಟಲೆ ಚಂದ್ರನನ್ನು ನೋಡಿದವರು. ಅವರು ನೆರಳನ್ನು ನಂಬಲಿಲ್ಲ. ಚಂದ್ರಬಿಂಬದ ಅಂಚನ್ನು ನೋಡಿದರು. ಅಲ್ಲಿ ಬೆಟ್ಟಗಳು ಕಪ್ಪು ಆಕಾಶದ ಎದುರು ಪಕ್ಕನೋಟದಲ್ಲಿ ಕಾಣುತ್ತವೆ, ಮತ್ತು ಅಲ್ಲಿ ಚೂಪು ಶಿಖರಗಳಿಲ್ಲ, ನಯವಾದ ಏರಿಳಿತಗಳಿವೆ. 1937ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ರೂಡೊ ಚಂದ್ರನ ಬೆಟ್ಟಗಳನ್ನು ದುಂಡಗೇ ಬರೆದರು. ಅವು ನೋಡಲು ಸಪ್ಪೆ. ಬಾನೆಸ್ಟೆಲ್ ಅವರ ಶಿಖರಗಳ ಎದುರು ಜನರ ಮನಸ್ಸಿನಲ್ಲಿ ನಿಲ್ಲಲಿಲ್ಲ.

1957ರಲ್ಲಿ ಬಾಸ್ಟನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯದ ತಾರಾಲಯದಲ್ಲಿ ಬಾನೆಸ್ಟೆಲ್ ಬರೆದ 40 ಅಡಿ ಉದ್ದ, 10 ಅಡಿ ಎತ್ತರದ ಚಂದ್ರದೃಶ್ಯವನ್ನು ಗೋಡೆಗೆ ಏರಿಸಿದರು. ಆಕಾಶದಲ್ಲಿ ಭೂಮಿ, ಕೆಳಗೆ ಕಡಿದಾದ ಬೆಟ್ಟಗಳ ಸಾಲು. ಅದೇ ವರ್ಷ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. 1966ರ ಫೆಬ್ರವರಿಯಲ್ಲಿ ಸೋವಿಯತ್ ಒಕ್ಕೂಟದ ಲೂನಾ–9 ಚಂದ್ರನ ಮೇಲೆ ಮೆತ್ತಗೆ ಇಳಿದು ನೆಲದ ಚಿತ್ರ ಕಳಿಸಿತು. ಜೂನ್‌ನಲ್ಲಿ ಅಮೆರಿಕದ ಸರ್ವೇಯರ್–1 ಇಳಿಯಿತು. 1969ರ ಜುಲೈನಲ್ಲಿ ಮನುಷ್ಯರೇ ಇಳಿದರು. ಎಲ್ಲಿ ನೋಡಿದರೂ ದುಂಡು ಗುಡ್ಡ, ಪುಡಿಮಣ್ಣು. ಗಾಳಿ ನೀರು ಇಲ್ಲದಿದ್ದರೂ ಕೋಟ್ಯಂತರ ವರ್ಷ ಎಡೆಬಿಡದೆ ಸುರಿದ ಉಲ್ಕೆಗಳು, ಮರಳಿನ ಕಣಕ್ಕಿಂತ ಚಿಕ್ಕವೂ ಸೇರಿದಂತೆ, ಬೆಟ್ಟಗಳನ್ನು ಕುಟ್ಟಿ ಸವೆಸಿದ್ದವು. 2023ರ ಆಗಸ್ಟ್ 23ರಂದು ಚಂದ್ರಯಾನ–3ರ ವಿಕ್ರಮ್ ಇಳಿದಾಗ ನಮ್ಮ ಮಕ್ಕಳು ಶಾಲೆಯ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಕಂಡ ನೆಲವೂ ಅಂಥದೇ. ರೂಡೊ ಸರಿಯಾಗಿದ್ದರು.

1970ರಲ್ಲಿ ಬಾಸ್ಟನ್ನಿನ ಆ ಚಿತ್ರವನ್ನು ಗೋಡೆಯಿಂದ ಇಳಿಸಿದರು. ಚಂದ್ರ ಹಾಗಿಲ್ಲ ಎಂದು ಗೊತ್ತಾದ ಮೇಲೆ ವಿಜ್ಞಾನ ಕೇಂದ್ರದಲ್ಲಿ ಅದನ್ನು ಇಟ್ಟುಕೊಳ್ಳುವುದು ಹೇಗೆ? 1976ರಲ್ಲಿ ಅದು ವಾಷಿಂಗ್ಟನ್ನಿನ ವಾಯು ಮತ್ತು ಅಂತರಿಕ್ಷ ವಸ್ತುಸಂಗ್ರಹಾಲಯಕ್ಕೆ ಸೇರಿತು. ತಮ್ಮ ಎಣಿಕೆ ತಪ್ಪಾಗಿತ್ತೆಂದು ಬಾನೆಸ್ಟೆಲ್ ಒಪ್ಪಿಕೊಂಡರು. ಒಂದು ರೀತಿಯಲ್ಲಿ ನೋಡಿದರೆ ಅವರನ್ನು ತಪ್ಪೆಂದು ತೋರಿಸಿದ್ದು ಅವರ ಚಿತ್ರಗಳನ್ನು ನೋಡಿ ಬೆಳೆದ ತಲೆಮಾರೇ. ಖಗೋಳಜ್ಞ ಕಾರ್ಲ್ ಸೇಗನ್ ಅವರಂಥವರು ಚಿಕ್ಕಂದಿನಲ್ಲಿ ಅನ್ಯಲೋಕಗಳ ಕಲ್ಪನೆ ಕಟ್ಟಿಕೊಂಡದ್ದು ಆ ಚಿತ್ರಗಳಿಂದ.

ಬಾನೆಸ್ಟೆಲ್ ಬಗ್ಗೆ ಬರೆಯುವವರು ಕೆಲವರು ಈ ತಪ್ಪನ್ನು ಮುಚ್ಚಿಡುತ್ತಾರೆ, ಕೆಲವರು ಅದೊಂದನ್ನೇ ಎತ್ತಿ ಆಡುತ್ತಾರೆ. ಶಿಕ್ಷಕರಿಗೆ ಎರಡೂ ಬೇಡ. ಅವರ ಒಂದೊಂದು ಚಿತ್ರದಲ್ಲೂ ಎರಡು ಬಗೆಯ ಸಂಗತಿಗಳಿವೆ. ಶನಿ ಎಷ್ಟು ದೊಡ್ಡದು, ಬಳೆ ಎಷ್ಟು ಓರೆ, ನೆರಳು ಯಾವ ಕಡೆ ಎಂಬುದು ಅಳೆದದ್ದು, ಇವತ್ತಿಗೂ ಸರಿ. ಬಂಡೆಯ ಆಕಾರ, ಆಕಾಶದ ಬಣ್ಣ ಊಹಿಸಿದ್ದು. ಒಂದೇ ಕುಂಚ ಎರಡನ್ನೂ ಅಷ್ಟೇ ಖಚಿತವಾಗಿ ಬರೆದಿದೆ, ಹಾಗಾಗಿ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಚೂಪು ಬೆಟ್ಟಗಳ ಚಂದ್ರನ ಹಳೆಯ ಚಾರ್ಟೊಂದನ್ನು ತೂಗುಹಾಕಿ, ಗಾಳಿ ನೀರು ಇಲ್ಲದ್ದರಿಂದ ಬೆಟ್ಟಗಳು ಸವೆದಿಲ್ಲ ಎಂದು ಅದೇ ತರ್ಕವನ್ನು ಮಕ್ಕಳಿಗೆ ಬರೆಸಿದ್ದೆ. ಮನುಷ್ಯ ಚಂದ್ರನ ಮೇಲೆ ಇಳಿದು ಆಗಲೇ ಎಷ್ಟೋ ವರ್ಷಗಳಾಗಿದ್ದವು. ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಪೂರ್ಣ ಅಂಕ ಕೊಟ್ಟೆ.

ಊಹೆ ಫೋಟೋದೊಳಗೂ ನುಸುಳುತ್ತದೆ. 1976ರ ಜುಲೈ 20ರಂದು ವೈಕಿಂಗ್–1 ಮಂಗಳ ಗ್ರಹದ ಮೇಲೆ ಇಳಿಯಿತು. ಮರುದಿನ ಬಿಡುಗಡೆಯಾದ ಮೊದಲ ಬಣ್ಣದ ಚಿತ್ರದಲ್ಲಿ ಮಂಗಳನ ಆಕಾಶ ನೀಲಿಯಾಗಿತ್ತು, ಥೇಟ್ ಹಳೆಯ ಚಿತ್ರಕಾರರು ಬರೆಯುತ್ತಿದ್ದಂತೆ. ಬಣ್ಣಗಳನ್ನು ಸರಿಯಾಗಿ ಹೊಂದಿಸಿದ ಮೇಲೆ ಅದು ಧೂಳು ತುಂಬಿದ ಕೆಂಬಣ್ಣದ ಆಕಾಶ ಎಂದು ತಿಳಿಯಿತು.

ಬಾನೆಸ್ಟೆಲ್ ಆಗ 88 ವರ್ಷದ ಮುದುಕರು. ಕೆಲಸ ನಿಲ್ಲಿಸಿರಲಿಲ್ಲ. ಕ್ಯಾಲಿಫೋರ್ನಿಯದ ಕಾರ್ಮೆಲ್ ಎಂಬ ಕಡಲೂರಿನ ಮನೆಯಲ್ಲಿ ಬರೆಯುತ್ತಲೇ ಇದ್ದರು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅವರಿಗೆ ಇಪ್ಪತ್ತೆರಡು. 1986ರ ಆರಂಭದಲ್ಲಿ ಅದು ಮತ್ತೆ ಬಂದು ಹೋದಾಗ ತೊಂಬತ್ತೆಂಟು. ಆ ವರ್ಷ ಜೂನ್ 11ರಂದು ತಮ್ಮ ಮನೆಯಲ್ಲೇ ತೀರಿಕೊಂಡರು. ಚಿತ್ರಫಲಕದ ಮೇಲೆ ಒಂದು ಚಿತ್ರ ಅರ್ಧಕ್ಕೆ ನಿಂತಿತ್ತು. ಮಂಗಳನ ಮೇಲಿನ ಒಂದು ಕುಳಿಗೆ, 3129ನೆಯ ಕ್ಷುದ್ರಗ್ರಹಕ್ಕೆ ಅವರ ಹೆಸರಿದೆ. ಮಂಗಳನ ಮೇಲೆ ರೂಡೊ ಹೆಸರಿನ ಕುಳಿಯೂ ಇದೆ.

2005ರ ಜನವರಿ 14ರಂದು ಹೈಗನ್ಸ್ ನೌಕೆ ಟೈಟನ್ನಿನ ಮೇಲೆ ಇಳಿಯಿತು. ನೀಲಿ ಆಕಾಶ ಅಲ್ಲಿರಲಿಲ್ಲ. ದಟ್ಟವಾದ ಕಿತ್ತಳೆ ಬಣ್ಣದ ಮಂಜು, ಅದರ ಹಿಂದೆ ಶನಿ ನಮ್ಮ ಕಣ್ಣಿಗೆ ಕಾಣುವಂತೆಯೇ ಇಲ್ಲ. ನೆಲದ ಮೇಲೆ ಮಾತ್ರ ದುಂಡು ದುಂಡಾದ ಕಲ್ಲುಗಳು, ಹರಿಹರದಲ್ಲಿ ಬೇಸಿಗೆಗೆ ತುಂಗಭದ್ರೆ ಇಳಿದಾಗ ಕಾಣುವ ಹರಳುಗಳ ಹಾಗೆ. ಅವು ನೀರುಗಡ್ಡೆಯ ಕಲ್ಲುಗಳು, ಉಜ್ಜಿ ದುಂಡಾಗಿಸಿದ್ದು ದ್ರವರೂಪದ ಮೀಥೇನ್ ಹೊಳೆ.

ನಮ್ಮ ಪ್ರಶಿಕ್ಷಣಾರ್ಥಿ ಕೊನೆಯ ವಾರದಲ್ಲಿ ಅದೇ ತರಗತಿಗೆ ಮತ್ತೆ ಹೋದರು. ಒಂದು ಅಂಗಿಗುಂಡಿ, ಹತ್ತು ಸೆಂಟಿಮೀಟರಿನ ರಟ್ಟಿನ ಬಿಲ್ಲೆ, ಮೀಟರ್ ಕಡ್ಡಿ ತೆಗೆದುಕೊಂಡು ಹೋಗಿದ್ದರು. ಹೊಸ ಚಾರ್ಟಿನಲ್ಲಿ ಟೈಟನ್ನಿನ ನೆಲ, ದುಂಡು ಕಲ್ಲುಗಳು, ಕಿತ್ತಳೆ ಆಕಾಶ, ಅದರ ನಡುವೆ ತೆಳುಗೆರೆಯ ಬಳೆಯ ಶನಿ. ಮಂಜಿನಲ್ಲಿ ಶನಿ ಕಾಣುವುದಿಲ್ಲವಲ್ಲ ಎಂದು ನಾನು ಹಿಂದಿನ ದಿನವೇ ಎಚ್ಚರಿಸಿದ್ದೆ. ಅದನ್ನು ಅಳಿಸಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಮಂಜು ಇಲ್ಲದಿದ್ದರೆ, ಎಂದು ಸಣ್ಣದಾಗಿ ಬರೆದಿದ್ದರು.